ಕಾಯುವ ಕೋಣೆಯ ಲೆಕ್ಕಾಚಾರ



ರೈಲು ನಿಲ್ದಾಣದಲ್ಲಿ ಮೇಲ್ದರ್ಜೆಯವರಿಗಾಗಿಯೇ ಇರುವ ನಿರೀಕ್ಷಣಾ ಕೊಠಡಿಯನ್ನು ನೀವು ಹೊರಗಿನಿಂದಲಾದರೂ ನೋಡಿರುತ್ತೀರಿ. ವಿಮಾನ ನಿಲ್ದಾಣದಲ್ಲಿ ಅದರ ಸಿರಿವಂತ ಅಣ್ಣನಿಗೆ ಲೌಂಜ್ ಎಂದು ಹೆಸರು. ಬಿಸಿನೆಸ್ ದರ್ಜೆಯ ಅಥವಾ ಪ್ರಥಮ ದರ್ಜೆಯ ಟಿಕೆಟು ಕೊಂಡವರು ವಿಮಾನ ಹೊರಡುವವರೆಗೆ ಅಲ್ಲಿ ಕೂತು ಉಣ್ಣಬಹುದು, ಓದಬಹುದು, ಕೆಲವೆಡೆ ಸ್ನಾನವನ್ನೂ ಮಾಡಬಹುದು. ಆದರೆ ಒಂದೇ ಟಿಕೆಟಿನಲ್ಲಿ ಹೋಗುವಾಗ ಸಿಕ್ಕಿದ ಲೌಂಜು ಅರಮನೆಯಂತಿದ್ದು, ಬರುವಾಗ ಸಿಕ್ಕಿದ್ದು ಮದುವೆ ಛತ್ರದ ಕೊನೆಯ ಪಂಕ್ತಿಯಂತಿರುವುದು ಅಪರೂಪವೇನಲ್ಲ. ಇದೇಕೆ ಹೀಗೆ ಎಂಬುದೇ ಇಂದಿನ ಮಾತು. ನಮ್ಮಲ್ಲಿ ಹೆಚ್ಚಿನವರು ಕಾಲಿಡದ ಕೋಣೆಯ ಉಸಾಬರಿ ನಮಗೇಕೆ ಎಂದು ನೀವು ಕೇಳಬಹುದು. ನಾಳೆ ನಿಮ್ಮ ಮೊದಲ ಸಂಬಳದ ಖಾತೆಯೊಂದಿಗೆ ಬರುವ ಬ್ಯಾಂಕ್ ಕಾರ್ಡಿನ ಜಾಹೀರಾತಿನಲ್ಲೂ ಈ ಕೋಣೆಯ ಚಿತ್ರ ಇರುವ ಸಂಭವ ಹೆಚ್ಚು. ಆಗ ಆ ಚಿತ್ರವನ್ನು ಓದಲು ಗೊತ್ತಿರಬೇಕಲ್ಲವೇ?

ಮೊದಲ ಲೌಂಜು ತೆರೆದದ್ದು 1939ರಲ್ಲಿ, ನ್ಯೂಯಾರ್ಕಿನ ಲಾ ಗಾರ್ಡಿಯಾ ನಿಲ್ದಾಣದಲ್ಲಿ. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ ಅದಕ್ಕೆ ಅಡ್ಮಿರಲ್ಸ್ ಕ್ಲಬ್ ಎಂದು ಹೆಸರಿಟ್ಟಿತು. ಆಗ ಸಂಸ್ಥೆ ಕರೆದವರಿಗಷ್ಟೇ ಪ್ರವೇಶ. 1960ರ ದಶಕದಲ್ಲಿ, ಇದು ತಾರತಮ್ಯವೆಂಬ ದೂರು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, ಹಣ ಕೊಟ್ಟವರಿಗೂ ಸದಸ್ಯತ್ವ ದೊರೆಯತೊಡಗಿತು. 1981ರಲ್ಲಿ ಅದೇ ಸಂಸ್ಥೆ ಪದೇ ಪದೇ ಹಾರುವವರಿಗೆ ಅಂಕ ನೀಡುವ ಯೋಜನೆ ತಂದಿತು. 1997ರಲ್ಲಿ ಐದು ಸಂಸ್ಥೆಗಳು ಸೇರಿ ಸ್ಟಾರ್ ಅಲಯನ್ಸ್ ಎಂಬ ಕೂಟ ಕಟ್ಟಿದವು. ನಮ್ಮ ಏರ್ ಇಂಡಿಯಾ ಅದನ್ನು ಸೇರಿದ್ದು 2014ರಲ್ಲಿ. ಕೂಟದ ಒಂದು ಸಂಸ್ಥೆ ಕೊಟ್ಟ ಗೋಲ್ಡ್ ದರ್ಜೆಗೆ ಉಳಿದವರೂ ಬಾಗಿಲು ತೆರೆಯಬೇಕು. ಮಾತು ಕೊಡುವವರು ಒಬ್ಬರು, ನಡೆಸಿಕೊಡುವವರು ಇನ್ನೊಬ್ಬರು ಎಂಬ ಏರ್ಪಾಡು ಹೀಗೆ ಬೆಳೆಯಿತು. ಅದರ ವಿಚಿತ್ರಗಳೂ ಇವೆ. ಅಮೆರಿಕದೊಳಗಷ್ಟೇ ಪ್ರಯಾಣ ಮಾಡುವಾಗ ಯುನೈಟೆಡ್ ಸಂಸ್ಥೆಯ ಸ್ವಂತ ಗೋಲ್ಡ್ ಸದಸ್ಯನಿಗೆ ಆ ದರ್ಜೆಯಿಂದ ಯುನೈಟೆಡ್ ಕ್ಲಬ್ಬಿನ ಬಾಗಿಲು ತೆರೆಯುವುದಿಲ್ಲ. ಪಕ್ಕದ ಸೀಟಿನ ಪರದೇಶದ ಗೋಲ್ಡ್ ಸದಸ್ಯ ನೇರವಾಗಿ ಒಳಗೆ ನಡೆಯುತ್ತಾನೆ. ಮನೆಮಗ ಜಗಲಿಯಲ್ಲಿ, ನೆಂಟ ನಡುಮನೆಯಲ್ಲಿ!

ವಿಮಾನ ಸಂಸ್ಥೆ ತನ್ನ ಮೂಲ ನಿಲ್ದಾಣದಲ್ಲಿ ಲೌಂಜನ್ನು ತಾನೇ ಕಟ್ಟುತ್ತದೆ, ಅಲ್ಲಿ ಅದರ ಮಾನದ ಪ್ರಶ್ನೆಯಿದೆ. ಕತಾರ್ ಏರ್‌ವೇಸ್ 2014ರಲ್ಲಿ ದೋಹಾದಲ್ಲಿ ತೆರೆದ ಅಲ್ ಮೂರ್ಜಾನ್ ಲೌಂಜಿನ ವಿಸ್ತೀರ್ಣ ಸುಮಾರು 10,000 ಚದರ ಮೀಟರು, ಅಂದರೆ ಎರಡೂವರೆ ಎಕರೆಯಷ್ಟು. ಲುಫ್ತಾನ್ಸಾ 2004ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಪ್ರಥಮ ದರ್ಜೆಯವರಿಗೆಂದೇ ಪ್ರತ್ಯೇಕ ಕಟ್ಟಡ ತೆರೆಯಿತು. ಅಲ್ಲಿಂದ ವಿಮಾನದ ಬಳಿಗೆ ಕಾರಿನಲ್ಲಿ ಕರೆದೊಯ್ಯುತ್ತಾರೆ. ಆದರೆ ದಿನಕ್ಕೊಂದೇ ವಿಮಾನ ಹೋಗುವ ಊರಿನಲ್ಲಿ ಯಾರು ತಾನೇ ಎಕರೆಗಟ್ಟಲೆ ಕಟ್ಟಿಸಿಯಾರು? ಅಲ್ಲಿ ಗುತ್ತಿಗೆದಾರನ ಲೌಂಜಿಗೆ ತಲೆಗಿಷ್ಟು ಎಂದು ಹಣ ಕೊಟ್ಟು ಪ್ರಯಾಣಿಕರನ್ನು ಕಳಿಸುತ್ತಾರೆ. ತಲೆಯೆಣಿಕೆಯ ಮೇಲೆ ಸಂಪಾದಿಸುವವನಿಗೆ ಜನಸಂದಣಿಯೇ ಲಾಭ. ಆ ನಿಲ್ದಾಣದಲ್ಲಿ ಇರುವುದೇ ಒಂದೋ ಎರಡೋ ಲೌಂಜು. ಚೆನ್ನಾಗಿಲ್ಲವೆಂದು ಎದುರು ಅಂಗಡಿಗೆ ಹೋಗುವ ಹಾಗೂ ಇಲ್ಲ.

ಇದೇ ಬಾಗಿಲಿಗೆ ಬ್ಯಾಂಕುಗಳೂ ಬಂದವು. ನಮ್ಮ ದೇಶದಲ್ಲಿ ಹಲವು ಕಾರ್ಡುಗಳನ್ನು ಲೌಂಜಿನ ಯಂತ್ರದಲ್ಲಿ ಉಜ್ಜಿದರೆ ಖಾತೆಯಿಂದ ಹೋಗುವುದು ಎರಡೇ ರೂಪಾಯಿ. ಉಳಿದದ್ದನ್ನು ಬ್ಯಾಂಕೋ ಕಾರ್ಡಿನ ಜಾಲವೋ ತೆರುತ್ತದೆ. ಬಿಸಿನೆಸ್ ದರ್ಜೆಗೆ ಹಲವು ಪಟ್ಟು ಹಣ ತೆತ್ತವರೂ ಎರಡು ರೂಪಾಯಿಯವರೂ ಒಂದೇ ಸರತಿಯಲ್ಲಿ ನಿಲ್ಲುತ್ತಾರೆ. ಕಾರ್ಡಿನವರು ಬಂದು ಕೆಡಿಸಿದರು ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಕಾರ್ಡು ಹಿಡಿದವರು ತಮಗೆ ಹೇಳಿದ್ದನ್ನು ನಂಬಿ ಬಂದವರು. ಕೋಣೆಯಲ್ಲಿ ಎಷ್ಟು ಕುರ್ಚಿಗಳಿವೆ ಎಂದು ಎಣಿಸದೆ ಪ್ರವೇಶವನ್ನು ಮಾರಿದವರನ್ನು ಕೇಳಬೇಕು.

ಈಗ ಸ್ವಲ್ಪ ಲೆಕ್ಕ ಮಾಡೋಣ. ವಿಜ್ಞಾನ ಓದಿದವನಿಗೆ ಈ ಚಪಲ ಬಿಡದು. ಸರತಿಯ ಗಣಿತ ಹುಟ್ಟಿದ್ದು ಕೋಪನ್‌ಹೇಗನ್ನಿನ ದೂರವಾಣಿ ಕಚೇರಿಯಲ್ಲಿ. ಕರೆಗಳಿಗೆ ಎಷ್ಟು ತಂತಿ ಬೇಕೆಂದು ಎರ್ಲಾಂಗ್ ಎಂಬ ಗಣಿತಜ್ಞ ಯೋಚಿಸಿ 1909ರಲ್ಲಿ ಮೊದಲ ಪ್ರಬಂಧ ಪ್ರಕಟಿಸಿದ. 1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸ ಒಂದು ಸರಳ ನಿಯಮವನ್ನು ಸಾಧಿಸಿ ತೋರಿಸಿದ. ಒಳಗಿರುವವರ ಸರಾಸರಿ ಸಂಖ್ಯೆ ಎಂದರೆ, ಗಂಟೆಗೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ಇರುವ ಸರಾಸರಿ ಗಂಟೆಗಳಿಂದ ಗುಣಿಸಿದಷ್ಟು. 150 ಕುರ್ಚಿಗಳ ಲೌಂಜಿಗೆ ಗಂಟೆಗೆ 60 ಜನ ಬಂದು ಎರಡೆರಡು ಗಂಟೆ ಕೂತರೆ ಒಳಗೆ 120 ಜನ. ಚಿಂತೆಯಿಲ್ಲ. ಜನವರಿಯಲ್ಲಿ ದೆಹಲಿಗೆ ಮಂಜು ಕವಿದು ವಿಮಾನಗಳು ತಡವಾಗಿ, ಅವರೇ ನಾಲ್ಕು ಗಂಟೆ ಕೂರಬೇಕಾಯಿತೆನ್ನಿ. 240! ಬಂದವರ ವೇಗ ಬದಲಾಗಿಲ್ಲ, ಅಡುಗೆಯವನು ಬದಲಾಗಿಲ್ಲ, ಸೋಫಾ ಅದೇ. ಆದರೂ ತೊಂಬತ್ತು ಜನಕ್ಕೆ ಕುರ್ಚಿಯಿಲ್ಲ, ಇಡ್ಲಿಯ ಪಾತ್ರೆ ಖಾಲಿ, ತಟ್ಟೆ ಎತ್ತಲು ಆಳಿಲ್ಲ. ಪ್ರಯಾಣಿಕನಿಗೆ ಲೌಂಜು ನಿಜವಾಗಿ ಬೇಕಾಗುವುದೇ ವಿಮಾನ ತಡವಾದ ದಿನ. ಅದು ಕೈಕೊಡುವುದೂ ಅದೇ ದಿನ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಪರೀಕ್ಷೆಯ ವಾರ ಈ ಗುಣಾಕಾರ ಮಾಡಿ ನೋಡಿ.

ಗುಣಾಕಾರದ ಎರಡು ಅಂಕಿಗಳಲ್ಲಿ ಒಂದನ್ನಾದರೂ ಇಳಿಸಬೇಕು, ಇಲ್ಲವೇ ಕುರ್ಚಿ ಹೆಚ್ಚಿಸಬೇಕು. ಅಮೆರಿಕದ ಡೆಲ್ಟಾ ಸಂಸ್ಥೆ 2022ರಲ್ಲಿ, ವಿಮಾನ ಹೊರಡುವುದಕ್ಕೆ ಮೂರು ಗಂಟೆಗಿಂತ ಮುಂಚೆ ಬಂದವರಿಗೆ ಪ್ರವೇಶವಿಲ್ಲ ಎಂದಿತು. ಅದು ಇರುವ ಗಂಟೆಗಳನ್ನು ಇಳಿಸುವ ಉಪಾಯ. 2023ರಲ್ಲಿ ಕಾರ್ಡುದಾರರ ಭೇಟಿಗಳಿಗೆ ಮಿತಿ ಘೋಷಿಸಿ, ಜನ ಸಿಟ್ಟಾದಾಗ ತುಸು ಸಡಿಲಿಸಿ, 2025ರ ಫೆಬ್ರವರಿಯಿಂದ ಜಾರಿಗೆ ತಂದಿತು. ನಮ್ಮಲ್ಲೂ ಹಲವು ಬ್ಯಾಂಕುಗಳು, ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದವರಿಗೆ ಮಾತ್ರ ಲೌಂಜು ಎಂಬ ಷರತ್ತು ಹಾಕಿದವು. ಆ ಷರತ್ತು ಇರುವುದು ಸಣ್ಣ ಅಕ್ಷರದಲ್ಲಿ. ಜಾಹೀರಾತಿನ ಸೋಫಾ ಮಾತ್ರ ದೊಡ್ಡದು.

ಇಷ್ಟೆಲ್ಲ ನೂಕುನುಗ್ಗಲು ಏಕೆ ಎಂದರೆ, ಹೊರಗಿನ ಹಜಾರದಲ್ಲಿ ಕಾಫಿ, ತಿಂಡಿ ದುಬಾರಿ. ಹಸಿವನ್ನು ನೀಗಿಸಲೆಂದೇ ಬಹಳ ಜನ ಒಳಗೆ ನುಗ್ಗುತ್ತಾರೆ. ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ ಚಿಟ್ಟೆಗಳ ಉದ್ಯಾನವನ್ನು, ಉಚಿತ ಚಿತ್ರಮಂದಿರವನ್ನು ಎಲ್ಲ ದರ್ಜೆಯ ಪ್ರಯಾಣಿಕರಿಗೂ ತೆರೆದಿಟ್ಟರು. ಅಂಥ ಹಜಾರದಲ್ಲಿ ಲೌಂಜು ಸಿಗದವನಿಗೆ ಕಳೆದುಕೊಂಡದ್ದೇನೂ ಬಹಳವಲ್ಲ. ನಮ್ಮಲ್ಲಿ 2024ರ ಡಿಸೆಂಬರಿನಲ್ಲಿ ಕೋಲ್ಕತ್ತ ವಿಮಾನ ನಿಲ್ದಾಣದಲ್ಲಿ ಉಡಾನ್ ಯಾತ್ರಿ ಕೆಫೆ ಎಂಬ ಸಣ್ಣ ಅಂಗಡಿ ಶುರುವಾಯಿತು. ಆಗ ಅಲ್ಲಿ ಚಹಾಕ್ಕೆ 10 ರೂಪಾಯಿ, ಸಮೋಸಕ್ಕೆ 20 ರೂಪಾಯಿ. ಯಾವ ಕಾರ್ಡಿನ ಗೊಡವೆಯೂ ಇಲ್ಲ.