ನಮ್ಮ ಹೊರೆ ಹೊತ್ತವರ ಹಕ್ಕು
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ. ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಒದಗುವ ಮನಸ್ಸನ್ನು ನಮಗೆ ಕೊಟ್ಟವನು ಅವನೇ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕರುಣೆ ಮತ್ತು ಶಾಂತಿ ಇರಲಿ. ಸಹೋದರರೇ, ಮೊದಲು ನಮಗೂ ನಂತರ ನಿಮಗೂ ತಖ್ವಾದ ಉಪದೇಶ ಮಾಡುತ್ತೇವೆ.

ಖಿದ್ಮತ್ ಮಾಡಿರಿ ಎಂದು ಈ ಮಿಂಬರ್‌ನಿಂದ ಎಷ್ಟೋ ಸಲ ಹೇಳಲಾಗಿದೆ. ಇಂದಿನ ಮಾತು ಖಿದ್ಮತ್ ಮಾಡುವವರಿಗಲ್ಲ, ಅದನ್ನು ಪಡೆಯುವ ನಮಗೆ.

ನಮ್ಮ ಮೊಹಲ್ಲಾಗಳಲ್ಲಿ ಸಂಬಳವಿಲ್ಲದೆ ನಡೆಯುವ ಕೆಲಸಗಳನ್ನು ಒಮ್ಮೆ ಎಣಿಸಿ ನೋಡಿ. ರಮಝಾನ್‌ನಲ್ಲಿ ಅಸರ್ ನಮಾಝಿನಿಂದಲೇ ಗಂಜಿಯ ಪಾತ್ರೆಯ ಮುಂದೆ ನಿಲ್ಲುವವರು. ವಿಧವೆಯರ ಮನೆಗೆ ರೇಷನ್ ಕಿಟ್ ಮುಟ್ಟಿಸುವವರು. ಆಸ್ಪತ್ರೆಯಲ್ಲಿ ಯಾರಿಗೋ ರಕ್ತ ಬೇಕೆಂದರೆ ಬೈಕ್ ಹತ್ತುವವರು. ಮಯ್ಯತ್ ಸ್ನಾನ ಮಾಡಿಸುವವರು, ಕಬರ್ ತೋಡುವವರು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, 2019ರಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ ಹೊರಟವರು ಇಂಥವರೇ. 2020 ಮತ್ತು 2021ರ ಕೋವಿಡ್ ದಿನಗಳಲ್ಲಿ, ಸ್ವಂತ ಮಕ್ಕಳೂ ಹತ್ತಿರ ಬರಲು ಹೆದರಿದ ಶವಗಳಿಗೆ, ಧರ್ಮ ಕೇಳದೆ, ನಮ್ಮ ರಾಜ್ಯದ ಅನೇಕ ಊರುಗಳಲ್ಲಿ ಅಂತಿಮ ಸಂಸ್ಕಾರ ಮಾಡಿದವರೂ ಇವರೇ.

ಈಗ ಇನ್ನೊಂದು ಲೆಕ್ಕ. ಹತ್ತು ಹನ್ನೆರಡು ಮಂದಿಯಿಂದ ಶುರುವಾದ ತಂಡ ಎರಡು ಮೂರು ವರ್ಷಗಳಲ್ಲಿ ಮೂವರಿಗೋ ನಾಲ್ವರಿಗೋ ಇಳಿಯುವುದನ್ನು ನಾವು ಊರೂರುಗಳಲ್ಲಿ ನೋಡುತ್ತಿದ್ದೇವೆ. ಯಾರೂ ಜಗಳ ಮಾಡಿ ಹೋಗುವುದಿಲ್ಲ. ಒಬ್ಬ ಫೋನ್ ಎತ್ತುವುದಿಲ್ಲ, ಇನ್ನೊಬ್ಬ ವಾಟ್ಸ್‌ಆ್ಯಪ್ ಗುಂಪಿನಿಂದ ಸದ್ದಿಲ್ಲದೆ ಹೊರಬೀಳುತ್ತಾನೆ. ಯುವಕರಿಗೆ ದೀನಿನ ಕಾಳಜಿ ಹೋಯಿತು ಎಂದು ಹಿರಿಯರು ತೀರ್ಪು ಕೊಡುತ್ತಾರೆ. ಈ ತೀರ್ಪು ಕೊಡುವ ಮೊದಲು ನಮ್ಮ ಕಡೆಯ ಖಾತೆಯನ್ನೂ ಬಿಡಿಸಿ ನೋಡಬೇಕು.

ಸಹೋದರರೇ, ಫರ್ಝ್ ಕಿಫಾಯ ಎಂದರೇನೆಂದು ಮದ್ರಸದಲ್ಲೇ ಕಲಿತಿದ್ದೇವೆ. ಮಯ್ಯತನ್ನು ತೊಳೆಯುವುದು, ಕಫನ್ ಮಾಡುವುದು, ನಮಾಝ್ ನಿರ್ವಹಿಸುವುದು, ದಫನ್ ಮಾಡುವುದು ಇಡೀ ಊರಿನ ಮೇಲಿರುವ ಕಡ್ಡಾಯ. ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ. ಯಾರೂ ಮಾಡದಿದ್ದರೆ ಎಲ್ಲರೂ ಪಾಪಿಗಳು. ಹಾಗಾದರೆ ರಾತ್ರಿ ಎರಡು ಗಂಟೆಗೆ ಎದ್ದು ಮಯ್ಯತ್ ಸ್ನಾನಕ್ಕೆ ಹೋಗುವ ಆ ನಾಲ್ವರು ಯಾರ ಕೆಲಸ ಮಾಡುತ್ತಿದ್ದಾರೆ? ನಮ್ಮದು. ಮಲಗಿದ್ದ ನಮ್ಮ ಕತ್ತಿನ ಮೇಲಿದ್ದ ಹೊರೆಯನ್ನು ಇಳಿಸುತ್ತಿದ್ದಾರೆ. ಅವರನ್ನು 'ಬಿಡುವಿರುವ ಹುಡುಗರು' ಎಂದು ಕರೆಯುವುದು ಸಾಲ ತೀರಿಸಿಕೊಟ್ಟವನನ್ನು ಸೋಮಾರಿ ಎಂದಂತೆ.

ಇದಕ್ಕೆ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ: "ಅವರು ಅಲ್ಲಾಹನಿಗಾಗಿ ಮಾಡುತ್ತಾರೆ, ಅಲ್ಲಾಹನೇ ಕೊಡುತ್ತಾನೆ." ಮಾತು ಸತ್ಯ. ಆದರೆ ಅದನ್ನು ಯಾರು ಹೇಳಬೇಕು? ಸೂರಃ ಅದ್ದಹ್ರ್‌ನಲ್ಲಿ, ಬಡವನಿಗೆ, ಅನಾಥನಿಗೆ, ಕೈದಿಗೆ ಉಣ್ಣಿಸುವ ಸಜ್ಜನರು ತಮಗೆ ಪ್ರತಿಫಲವೂ ಬೇಡ, ಕೃತಜ್ಞತೆಯೂ ಬೇಡ ಎನ್ನುತ್ತಾರೆ. ಅದು ಉಣ್ಣಿಸಿದವರ ಬಾಯಿಯ ಮಾತು. ಉಂಡವನು ಎದ್ದು ನಿಂತು "ನಿನಗೆ ಕೃತಜ್ಞತೆ ಬೇಡವಲ್ಲ" ಎಂದು ಕೈ ಒರೆಸಿಕೊಂಡು ಹೋಗಬಹುದೆಂದು ಅಲ್ಲಿ ಎಲ್ಲೂ ಇಲ್ಲ. ಉಂಡವನಿಗೆ ಬೇರೆಯೇ ಪಾಠವಿದೆ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗುವುದಿಲ್ಲ ಎಂದು ಪ್ರವಾದಿ(ಸ) ಕಲಿಸಿದರು. ಉಪಕಾರ ಮಾಡಿದವನಿಗೆ ಪ್ರತ್ಯುಪಕಾರ ಮಾಡಬೇಕು, ಅದಕ್ಕೆ ಕೈಯಲ್ಲಿ ಏನೂ ಇಲ್ಲದಿದ್ದರೆ ಅವನಿಗಾಗಿ ದುಆ ಮಾಡಬೇಕು ಎಂದೂ ಕಲಿಸಿದರು. ಇಖ್ಲಾಸ್ ಸೇವಕನ ಪಾಲಿನ ಕರ್ತವ್ಯ, ಶುಕ್ರ್ ನಮ್ಮ ಪಾಲಿನದು. ಅವನ ಕರ್ತವ್ಯವನ್ನು ತೋರಿಸಿ ನಮ್ಮದರಿಂದ ತಪ್ಪಿಸಿಕೊಳ್ಳುವಂತಿಲ್ಲ.

ಹಝ್ರತ್ ಉಮರ್(ರ)ರ ಖಿಲಾಫತ್ತಿನ ಒಂದು ಘಟನೆ ಹದೀಸ್ ಗ್ರಂಥಗಳಲ್ಲಿದೆ. ಇಬ್ನು ಸ್ಸಅದೀ(ರ) ಎಂಬವರು ಸಾರ್ವಜನಿಕ ಕೆಲಸ ಮಾಡಿ ಮುಗಿಸಿದಾಗ ಉಮರ್(ರ) ಅವರಿಗೆ ವೇತನ ಕೊಡಿಸಿದರು. ಅಲ್ಲಾಹನಿಗಾಗಿ ಮಾಡಿದ್ದೇನೆ, ಬೇಡ ಎಂದರು ಅವರು. ಉಮರ್(ರ) ಒಪ್ಪಲಿಲ್ಲ. ಪ್ರವಾದಿ(ಸ)ಯವರ ಕಾಲದಲ್ಲಿ ತಾವೂ ಹೀಗೆಯೇ ಬೇಡವೆಂದಾಗ, ಕೇಳದೆ ಬಂದದ್ದನ್ನು ತೆಗೆದುಕೋ, ಬೇಕಾದರೆ ದಾನ ಮಾಡು ಎಂಬ ಸೂಚನೆ ಸಿಕ್ಕಿತ್ತೆಂದು ನೆನಪಿಸಿದರು. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಬಡವರು ಮತ್ತು ನಿರ್ಗತಿಕರ ನಂತರ ಮೂರನೆಯದಾಗಿಯೇ ಅದನ್ನು ಸಂಗ್ರಹಿಸುವ ಕೆಲಸಗಾರರನ್ನು ಕುರ್‌ಆನ್ ಎಣಿಸಿದೆ. ಅಲ್ಲಾಹನ ಕೆಲಸ ಎಂದ ಮಾತ್ರಕ್ಕೆ ಕೆಲಸಗಾರನ ಜೇಬು ಖಾಲಿಯಾಗಬೇಕೆಂದಿಲ್ಲ.

ಇನ್ನು ನಾಲಿಗೆಯ ಕುರಿತು. ಸೂರಃ ಅತ್ತೌಬಾದಲ್ಲಿ ಸ್ವಇಚ್ಛೆಯಿಂದ ಕೊಡುವವರಿಗೆ ಮುತ್ತವ್ವಿಯೀನ್ ಎಂಬ ಪದ ಬಂದಿದೆ. ಇಂದಿಗೂ ಅರಬಿಯಲ್ಲಿ ಸ್ವಯಂಸೇವಕನಿಗೆ ಇದೇ ಮೂಲದ ಹೆಸರು. ಆ ಪದ ಅಲ್ಲಿ ಬಂದಿರುವುದು ಅಂಥವರನ್ನು ಹಂಗಿಸುವವರಿಗೆ ಎಚ್ಚರಿಕೆ ಕೊಡುವಾಗ. ಅಬೂ ಅಖೀಲ್(ರ) ದುಡಿದು ತಂದ ಅರ್ಧ ಸಾಅ್ ದಾನವನ್ನು ಕಂಡು, ಅಲ್ಲಾಹನಿಗೆ ಇದರ ಅಗತ್ಯವೇನು ಎಂದು ಕಪಟವಿಶ್ವಾಸಿಗಳು ನಕ್ಕರು. ಹೆಚ್ಚು ತಂದವರನ್ನು ಕಂಡು ತೋರಿಕೆಗೆ ಎಂದರು. ಕಡಿಮೆ ಮಾಡಿದರೂ ಮಾತು, ಹೆಚ್ಚು ಮಾಡಿದರೂ ಮಾತು! ಕಿಟ್ ಹಂಚುವ ಹುಡುಗನಿಗೆ "ನಿನಗೆಷ್ಟು ಸಿಕ್ಕಿತು?" ಎಂದು ಕೇಳುವಾಗ, ಇಫ್ತಾರ್‌ಗೆ ಖರ್ಜೂರ ಕಡಿಮೆ ಬಿತ್ತೆಂದು ಎಲ್ಲರೆದುರು ಗದರುವಾಗ, ನಾವು ಯಾರ ಸಾಲಿನಲ್ಲಿ ನಿಲ್ಲುತ್ತಿದ್ದೇವೆಂದು ಯೋಚಿಸಬೇಕು. ಹತ್ತು ವರ್ಷ ಪ್ರವಾದಿ(ಸ)ಯವರ ಸೇವೆ ಮಾಡಿದ ಅನಸ್(ರ), ಅಷ್ಟು ವರ್ಷಗಳಲ್ಲಿ ತಾವು ಒಂದು 'ಛೆ' ಕೂಡ ಕೇಳಲಿಲ್ಲವೆಂದು ಸಾಕ್ಷಿ ಹೇಳಿದ್ದಾರೆ.

ನಾಯಕತ್ವದವರಿಗೂ ಒಂದು ಮಾದರಿ ಇದೆ. ಹಿಜರಿ 5ರಲ್ಲಿ ಮದೀನಾದ ಸುತ್ತ ಕಂದಕ ತೋಡುವಾಗ ಪ್ರವಾದಿ(ಸ) ಸ್ವತಃ ಮಣ್ಣು ಹೊತ್ತರು, ಹೊಟ್ಟೆಯ ಮೇಲೆಲ್ಲ ಧೂಳು ಮೆತ್ತಿತ್ತು. ಅವರ ಹಸಿವನ್ನು ಕಂಡ ಜಾಬಿರ್(ರ) ಒಂದು ಆಡಿನ ಮರಿ ಕೊಯ್ದು, ಸ್ವಲ್ಪ ಜವೆಗೋಧಿ ರುಬ್ಬಿಸಿ, ಕೆಲವರೊಂದಿಗೆ ಬರುವಂತೆ ಗುಟ್ಟಾಗಿ ಕರೆದರು. ಪ್ರವಾದಿ(ಸ) ಕಂದಕದ ಎಲ್ಲರನ್ನೂ ಕೂಗಿ ಕರೆದರು. ಆ ದಿನ ಅಲ್ಲಾಹನ ಬರಕತ್ತಿನಿಂದ ಸಾವಿರ ಮಂದಿ ಉಂಡರು. ನಮ್ಮ ಕಾರ್ಯಕ್ರಮಗಳಲ್ಲಿ ವೇದಿಕೆಯವರಿಗೆ ಮೊದಲ ಪಂಕ್ತಿ. ಬಡಿಸಿದ ಹುಡುಗರಿಗೆ ತಳದಲ್ಲಿ ಉಳಿದ ಅನ್ನ, ತುಂಡಿಲ್ಲದ ಸಾರು. ಸುನ್ನತ್ ಇದಲ್ಲ.

ಮಸೀದಿ ಗುಡಿಸುತ್ತಿದ್ದ ಒಬ್ಬ ಮಹಿಳೆಯ ವಿಷಯ ನಮಗೆ ಗೊತ್ತು. ಕೆಲವು ದಿನ ಕಾಣದಾದಾಗ ಪ್ರವಾದಿ(ಸ) ವಿಚಾರಿಸಿದರು. ತೀರಿಕೊಂಡಳು ಎಂದರು ಸಹಾಬಿಗಳು. ಅದನ್ನು ಹೇಳುವಷ್ಟು ದೊಡ್ಡ ಸುದ್ದಿ ಎಂದು ಅವರಿಗೆ ಅನಿಸಿರಲಿಲ್ಲ. ನನಗೇಕೆ ತಿಳಿಸಲಿಲ್ಲ ಎಂದು ಪ್ರವಾದಿ(ಸ) ಕೇಳಿದರು, ಕಬರ್ ತೋರಿಸಲು ಹೇಳಿ ಅಲ್ಲಿ ಹೋಗಿ ನಮಾಝ್ ನಿರ್ವಹಿಸಿದರು. ಬರದವಳನ್ನು ಗಮನಿಸಿದ್ದೇ ಇಲ್ಲಿಯ ದೊಡ್ಡ ಪಾಠ. ನಮ್ಮ ತಂಡದಿಂದ ಮೂರು ತಿಂಗಳಿಂದ ಕಾಣದಾದ ಯುವಕನ ಮನೆಗೆ ನಮ್ಮಲ್ಲಿ ಯಾರು ಹೋದರು? ಅವನ ಕೆಲಸ ಹೋಗಿರಬಹುದು, ತಾಯಿಗೆ ಹುಷಾರಿಲ್ಲದಿರಬಹುದು. ಕೋವಿಡ್ ಕಾಲದಲ್ಲಿ ಕಂಡ ಮುಖಗಳು ಇನ್ನೂ ನಿದ್ದೆಗೆಡಿಸುತ್ತಿರಬಹುದು. ಕೆಲಸಕ್ಕೆ ಕರೆಯಲು ಮಾತ್ರ ಫೋನ್ ಮಾಡುವ ನಂಬರನ್ನು ಯಾರೂ ಬಹುಕಾಲ ಎತ್ತುವುದಿಲ್ಲ.

ವಿಶ್ರಾಂತಿಯೂ ಅವರ ಹಕ್ಕು. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝಿನಲ್ಲಿ ಮುಳುಗಿದ್ದ ಅಬುದ್ದರ್‌ದಾ(ರ)ರ ಮನೆಗೆ ಬಂದ ಸಲ್ಮಾನ್(ರ), ಅವರ ಪತ್ನಿಯ ಸ್ಥಿತಿ ನೋಡಿದರು. ಪ್ರಭುವಿನ ಹಕ್ಕಿನ ಜೊತೆಗೆ ದೇಹದ ಹಕ್ಕೂ ಮನೆಯವರ ಹಕ್ಕೂ ಇದೆಯೆಂದು ಹೇಳಿ ಅವರನ್ನು ಮಲಗಿಸಿದರು. ಪ್ರವಾದಿ(ಸ) ಸಲ್ಮಾನ್(ರ)ರ ಮಾತನ್ನೇ ಎತ್ತಿಹಿಡಿದರು. ಹೆಂಗಸರ ಮಯ್ಯತ್ ಸ್ನಾನಕ್ಕೆ ಅನೇಕ ಊರುಗಳಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ನಡುರಾತ್ರಿ ಕರೆ ಹೋಗುವುದೂ ಅವರಿಗೆ, ಬೆಳಗ್ಗೆ ಮಕ್ಕಳಿಗೆ ಬುತ್ತಿ ಕಟ್ಟಬೇಕಾದವರೂ ಅವರೇ. ಮರಳಿ ಬರಲು ಆಟೋ ಬಾಡಿಗೆಯನ್ನು ಅವರೇ ಕೊಡುವುದಿದೆ. ಅವರ ಗಂಡಂದಿರು ಈ ಸಫ್‌ಗಳಲ್ಲಿ ಇರಬಹುದು. ಅವರಿಗೂ ನಮ್ಮ ದುಆ ಸಲ್ಲಬೇಕು, ಏಕೆಂದರೆ ಆ ನಿದ್ದೆಗೆಟ್ಟ ಮನೆ ಅವರದೂ ಹೌದು.

ಹಾಗಾದರೆ ಜಮಾಅತ್‌ಗಳು ಏನು ಮಾಡಬೇಕು?

ಒಂದು, ಸರದಿ. ಮಯ್ಯತ್ ಕೆಲಸಕ್ಕೆ ಕನಿಷ್ಠ ಎರಡು ತಂಡಗಳಿರಲಿ, ಗಂಡಸರಿಗೂ ಹೆಂಗಸರಿಗೂ. ರಕ್ತದಾನಿಗಳ ಪಟ್ಟಿಯಲ್ಲಿ ಕೊನೆಯ ಬಾರಿ ಕೊಟ್ಟ ದಿನಾಂಕ ಬರೆದಿಡಿ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ ಬೇಕೆಂಬುದು ನಿಯಮ. ಅದಕ್ಕೆ ಮೊದಲು ಒತ್ತಾಯಿಸಬಾರದು.

ಎರಡು, ಖರ್ಚು. ಪೆಟ್ರೋಲ್, ಆಟೋ, ಗ್ಲೌಸ್, ಮಾಸ್ಕ್, ಏಪ್ರನ್ ಇವು ಮಸೀದಿಯ ಬಜೆಟ್‌ನಲ್ಲೇ ಒಂದು ಸಾಲಾಗಲಿ. ಕೇಳಿ ಪಡೆಯುವ ಮುಜುಗರ ಅವರಿಗೆ ಬೇಡ. ಮಯ್ಯತ್ ಸ್ನಾನ ಮಾಡಿಸುವವರಿಗೆ ವೈದ್ಯರ ಸಲಹೆ ಪಡೆದು ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳನ್ನು ಜಮಾಅತ್ ಹಾಕಿಸಲಿ.

ಮೂರು, ಸಮಾಲೋಚನೆ. ಉಹುದ್‌ನಲ್ಲಿ ಸಂಗಾತಿಗಳಿಂದ ದೊಡ್ಡ ಲೋಪವಾದ ನಂತರವೂ, ಅವರನ್ನು ಕ್ಷಮಿಸಲು ಮತ್ತು ಅವರೊಂದಿಗೆ ಸಮಾಲೋಚಿಸಲು ಅಲ್ಲಾಹನು ತನ್ನ ಪ್ರವಾದಿಗೆ ಆಜ್ಞಾಪಿಸಿದನು. ಕಠಿಣ ಹೃದಯಿಯಾಗಿದ್ದರೆ ಅವರು ಚದುರಿಹೋಗುತ್ತಿದ್ದರೆಂದೂ ಅಲ್ಲೇ ಹೇಳಲಾಗಿದೆ. ಕುರ್ಚಿ ಜೋಡಿಸಲು ಮಾತ್ರ ಯುವಕರನ್ನು ಕರೆದು, ತೀರ್ಮಾನದ ಹೊತ್ತಿಗೆ ಬಾಗಿಲು ಹಾಕಬೇಡಿ. ತಪ್ಪಾದರೆ ಬದಿಗೆ ಕರೆದು ಹೇಳಿ, ಗುಂಪಿನಲ್ಲಿ ಬರೆಯಬೇಡಿ.

ನಾಲ್ಕು, ಕೃತಜ್ಞತೆ. ಶಾಲು, ಫ್ಲೆಕ್ಸ್ ಬೇಕಿಲ್ಲ, ಅದರಿಂದ ಕೆಲವರ ನಿಯ್ಯತ್ತಿಗೇ ಪೆಟ್ಟು ಬೀಳಬಹುದು. ಕೈ ಹಿಡಿದು ಹೇಳುವ ಒಂದು 'ಜಝಾಕಲ್ಲಾಹು ಖೈರ್' ಸಾಕು. ಅವರ ತಂದೆತಾಯಿಯ ಮುಂದೆ ಒಂದು ಒಳ್ಳೆಯ ಮಾತು ಸಾಕು.

ಕೊನೆಗೆ ಸೇವಕ ಸಹೋದರರಿಗೆ ಎರಡೇ ಮಾತು. ಜನ ಮರೆತರೆ ನಿಮ್ಮ ಕರ್ಮ ವ್ಯರ್ಥವಾಗುವುದಿಲ್ಲ, ಅದನ್ನು ಬರೆದಿಡುವವನು ಮರೆಯುವವನಲ್ಲ. ಮತ್ತು ಅಲ್ಲಾಹನಿಗೆ ಪ್ರಿಯವಾದದ್ದು ಸಣ್ಣದಾದರೂ ನಿರಂತರವಾಗಿ ನಡೆಯುವ ಕರ್ಮ. ದಣಿದಾಗ ದಣಿದಿದ್ದೇನೆ ಎನ್ನಿ, ಒಂದು ತಿಂಗಳು ಸರದಿ ಬದಲಿಸಿಕೊಳ್ಳಿ, ನಂತರ ಮರಳಿ ಬನ್ನಿ. ಸದ್ದಿಲ್ಲದೆ ಪೂರ್ತಿ ನಿಂತುಬಿಡುವುದಕ್ಕಿಂತ ಅದು ಎಷ್ಟೋ ಮೇಲು.

ಸಹೋದರರೇ, ನಮ್ಮೆಲ್ಲರಿಗೂ ಒಂದು ದಿನ ಆ ಸ್ನಾನದ ಹಲಗೆ ಕಾದಿದೆ. ಆ ದಿನ ನಮ್ಮ ಮೈಗೆ ನೀರು ಹಾಕುವ ಕೈಗಳು ಊರಿನಲ್ಲಿ ಉಳಿದಿರಬೇಕಾದರೆ, ಇಂದು ಆ ಕೈಗಳನ್ನು ನಾವು ನೋಡಿಕೊಳ್ಳಬೇಕು.

ಯಾ ಅಲ್ಲಾಹ್, ನಮ್ಮ ಹೊರೆ ಹೊತ್ತವರ ಹೊರೆಯನ್ನು ಹಗುರಗೊಳಿಸು. ಅವರ ಮನೆಗಳಲ್ಲಿ ಬರಕತ್ ಕೊಡು, ಅವರ ನಿಯ್ಯತ್ತನ್ನು ಕಾಪಾಡು. ಅವರ ಹಕ್ಕನ್ನು ಅರಿತು ಸಲ್ಲಿಸುವ ತೌಫೀಕನ್ನು ನಮಗೆ ದಯಪಾಲಿಸು. ಆಮೀನ್.