ಶರಣಧರ್ಮವೂ ಮಗಳ ಪಾಲೂ

(ಶೆಟ್ಟಿಕೆರೆಯಲ್ಲಿ ಸದ್ಭಕ್ತರ ಸಭೆಯಲ್ಲಿ ನಡೆದ ಉಪನ್ಯಾಸ)

ಶ್ರೀ ಗುರುಬಸವಲಿಂಗಾಯ ನಮಃ

 

ಮಠದ ಮಹೋತ್ಸವ ಸಂದರ್ಭದಲ್ಲಿ ಪೂರ್ವಿಕರ ಗುಣಗಾನ ಮಾಡುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಗುರುಮಠವು ಭಕ್ತರ ಪಾಲಿಗೆ ಕನ್ನಡಿಯಿದ್ದಂತೆ. ಮುಖದ ಕಾಂತಿಯನ್ನಲ್ಲದೆ ಮುಖಕ್ಕೆ ಹತ್ತಿದ ಮಸಿಯನ್ನೂ ತೋರಿಸುವುದು ಕನ್ನಡಿಯ ಧರ್ಮ. ಆದಕಾರಣ ಈ ದಿವಸ ವಿಚಾರಿಸತಕ್ಕ ವಿಷಯವು ಇಷ್ಟೇ: ಶರಣಧರ್ಮವು ಹೆಣ್ಣಿಗೆ ಲಿಂಗವನ್ನು ಕೊಟ್ಟಿತಷ್ಟೆ, ಶರಣರೆನಿಸಿಕೊಂಡವರ ಮನೆಗಳು ಅವಳಿಗೆ ಏನನ್ನು ಕೊಟ್ಟಿವೆ?

ಬಸವಣ್ಣನವರು ಬಾಲ್ಯದಲ್ಲಿ ಉಪನಯನವನ್ನು ಒಲ್ಲೆನೆಂದ ವೃತ್ತಾಂತವನ್ನು ಇಲ್ಲಿ ನೆರೆದವರೆಲ್ಲರೂ ಬಲ್ಲರು. ಅಕ್ಕ ನಾಗಮ್ಮನಿಗೆ ಇಲ್ಲದ ಸಂಸ್ಕಾರವು ತಮಗೆ ಮಾತ್ರ ಏತಕ್ಕೆಂದು ಕೇಳಿ, ಉತ್ತರ ದೊರೆಯದಿರಲು ಮನೆಯನ್ನೇ ತೊರೆದರೆಂದು ಪರಂಪರೆಯು ಹೇಳುತ್ತದೆ. ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಜನಿವಾರದ ಮಾತು ಮುಂದಾಗಿ, ಅಕ್ಕನ ಮಾತು ಹಿಂದಾಗುವುದುಂಟು. ನಿಜವಾಗಿ ನೋಡಿದರೆ ಈ ಧರ್ಮದ ಮೊದಲನೆಯ ವ್ಯಾಜ್ಯವು ಒಬ್ಬ ಅಕ್ಕನ ಪಾಲಿಗಾಗಿ ಎದ್ದುದು. ಅದನ್ನು ಹೂಡಿದವನು ಅವಳ ತಮ್ಮನು. ಅಕ್ಕನಿಗೆ ಸಲ್ಲದುದು ತನಗೂ ಬೇಡವೆಂದು ತಮ್ಮನು ಕೈಬಿಟ್ಟುದರಿಂದಲೇ ಮುಂದಿನದೆಲ್ಲವೂ ಬೆಳೆಯಿತು.

ಆಮೇಲೆ ಕಲ್ಯಾಣದಲ್ಲಿ ನಡೆದುದೂ ಅದಕ್ಕೆ ತಕ್ಕುದಾಗಿಯೇ ಇತ್ತು. ವಚನಗಳನ್ನು ರಚಿಸಿದ ಶರಣೆಯರ ಸಂಖ್ಯೆಯು ಮೂವತ್ತಕ್ಕೆ ಮೀರುತ್ತದೆ. ಅಕ್ಕಿಯನ್ನು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಗಂಡ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮನು ತಿದ್ದಿದಳು, ಮಾರಯ್ಯನು ತಿದ್ದಿಕೊಂಡನು. ಉಡುತಡಿಯ ಮಹಾದೇವಿಯು ಕೌಶಿಕರಾಜನ ಅರಮನೆಯನ್ನು ತೊರೆದು ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಕಠಿನವಾದ ಪ್ರಶ್ನೆಗಳಿಂದ ಅವಳನ್ನು ಪರೀಕ್ಷಿಸಿದರೆಂಬುದು ಶೂನ್ಯಸಂಪಾದನೆಯಿಂದ ತಿಳಿದುಬರುತ್ತದೆ. ಆದರೆ ಅರಸನ ಮನೆಗೆ ಹಿಂದಿರುಗಿ ಹೇಗಾದರೂ ಹೊಂದಿಕೊಂಡು ಬಾಳೆಂದು ಅವಳನ್ನು ಯಾರೂ ಕಳುಹಿಸಲಿಲ್ಲ. ಅಕ್ಕನೆಂದು ಕರೆದು ಕೈಮುಗಿದರು.

ಇಷ್ಟಲಿಂಗವನ್ನು ಧರಿಸಿದ ದೇಹವು ದೇಗುಲವೆಂಬುದು ಸಿದ್ಧಾಂತ. ಆ ದೇಗುಲವು ಪುರುಷದೇಹವಾಗಿರಬೇಕೆಂದು ಯಾವ ಶರಣನೂ ಹೇಳಿಲ್ಲ. ಹೀಗಿರುವಲ್ಲಿ ಪ್ರಾತಃಕಾಲದಲ್ಲಿ ಅಂಗೈಯ ಲಿಂಗವನ್ನು ಪೂಜಿಸಿ, ಸಾಯಂಕಾಲ ಅದೇ ಕೈಯನ್ನು ಲಿಂಗಧಾರಿಣಿಯಾದ ಹೆಂಡತಿಯ ಮೇಲೆ ಎತ್ತುವವನು ಭಕ್ತನೆನಿಸುವುದು ಹೇಗೆ?

ಇದು ಅಪರೂಪದ ಮಾತೆಂದು ಯಾರೂ ಸಮಾಧಾನಪಟ್ಟುಕೊಳ್ಳಲಾಗದು. ಭಾರತ ಸರ್ಕಾರದವರು 2019-21ರಲ್ಲಿ ನಡೆಸಿದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದೊಳಗಿನ ವಿವಾಹಿತ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು 44 ಮಂದಿ ಕೈಹಿಡಿದವನಿಂದ ಹಿಂಸೆಯನ್ನು ಅನುಭವಿಸಿದುದಾಗಿ ಹೇಳಿದ್ದಾರೆ. ಇಡೀ ದೇಶದ ಪ್ರಮಾಣವು ನೂರಕ್ಕೆ ಸುಮಾರು 29. ರಾಜ್ಯಗಳ ಪೈಕಿ ಕರ್ನಾಟಕದ್ದೇ ಅತ್ಯಧಿಕ. ಬಸವಣ್ಣನವರ ನಾಡೆಂದು ಹೆಮ್ಮೆಪಡುವ ಜನರು ಈ ಅಂಕೆಯನ್ನು ತಲೆತಗ್ಗಿಸಿ ಓದಬೇಕಾಗಿದೆ.

ಕಾಯಿದೆಗಳಿಲ್ಲದೆ ಹೀಗಾಯಿತೇ ಎಂದರೆ, ಹಾಗೂ ಅಲ್ಲ. ವರದಕ್ಷಿಣೆಯನ್ನು 1961ರಲ್ಲಿ ನಿಷೇಧಿಸಲಾಯಿತು. ಸೊಸೆಯನ್ನು ಹಿಂಸಿಸುವುದು 1983ರಲ್ಲಿ ಪ್ರತ್ಯೇಕ ಅಪರಾಧವಾಯಿತು. ವರದಕ್ಷಿಣೆಯ ಮರಣಕ್ಕೆ 1986ರಲ್ಲಿ ಬೇರೆ ಶಿಕ್ಷೆಯು ವಿಧಿಸಲ್ಪಟ್ಟಿತು. ಇವು ತಾವಾಗಿ ಬಂದುವಲ್ಲ. ಬೀದಿಗಿಳಿದ ಹೆಂಗಸರ ಹೋರಾಟದ ಫಲ. ಬೆಂಗಳೂರಿನಲ್ಲಿ 1979ರಲ್ಲಿ ಹುಟ್ಟಿದ ವಿಮೋಚನಾ ಎಂಬ ಸಂಸ್ಥೆಯ ಸ್ತ್ರೀಯರು, ಒಲೆ ಸಿಡಿದು ಸತ್ತಳೆಂದು ಬರೆದು ಮುಗಿಸಿದ ಎಳೆಯ ಸೊಸೆಯರ ಸಾವುಗಳನ್ನು ಮತ್ತೆ ಪರಿಶೀಲಿಸಬೇಕೆಂದು ಅಧಿಕಾರಿಗಳನ್ನು ಒತ್ತಾಯಿಸಿದರು. ಆದರೂ ಕಾಯಿದೆಯು ಪೆಟ್ಟು ಬಿದ್ದಮೇಲೆ ಬರುವ ವೈದ್ಯನಂತೆ. ಪೆಟ್ಟು ಬೀಳದಂತೆ ಮಾಡುವ ಉಪಾಯ ಯಾವುದು? ಅದನ್ನು ತಿಳಿಯಬೇಕಾದರೆ ಪೆಟ್ಟು ತಿಂದವಳು ಅಲ್ಲಿಯೇ ಏತಕ್ಕೆ ಇರುತ್ತಾಳೆಂಬುದನ್ನು ಮೊದಲು ತಿಳಿಯಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ತೆಂಗಿನ ಸೀಮೆಯಲ್ಲಿ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ತೋಟವಿದೆ, ಅಟ್ಟದ ಮೇಲೆ ಕಾಯಿ ಒಣಗುತ್ತಿದೆ, ಕೊಬ್ಬರಿಯ ಧಾರಣೆಯು ತಕ್ಕಮಟ್ಟಿಗೆ ಬಂದರೆ ಸಾಲವೂ ತೀರೀತು. ಆ ಮನೆಯ ಮಗಳು ಒಂದು ಸಂಜೆ ಕೈಯಲ್ಲಿ ಮಗುವನ್ನೂ ಬೆನ್ನ ಮೇಲೆ ಬಾಸುಂಡೆಯನ್ನೂ ಹೊತ್ತು ತವರಿಗೆ ಬರುತ್ತಾಳೆ. ತಾಯಿಯು ಅಳುತ್ತಾಳೆ. ತಂದೆಯು ಜಗುಲಿಯಲ್ಲಿ ಮಾತಿಲ್ಲದೆ ಕುಳಿತುಕೊಳ್ಳುತ್ತಾನೆ. ನಾಲ್ಕು ದಿನ ಕಳೆಯಲು ಅಣ್ಣತಮ್ಮಂದಿರ ಮುಖವು ಬಿಗಿಯುತ್ತದೆ. ಹಿರಿಯರು ಸೇರುತ್ತಾರೆ. “ಹೆಣ್ಣಾಗಿ ಹುಟ್ಟಿದ ಮೇಲೆ ಹೊಂದಿಕೊಂಡು ಹೋಗಬೇಕು ತಾಯಿ, ಮನೆಯ ಮಾತು ಬೀದಿಗೆ ಬರಬಾರದು” ಎಂದು ಬುದ್ಧಿ ಹೇಳಿ, ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು ಹಾಕಿ, ಬಂದ ದಾರಿಯಲ್ಲಿಯೇ ಕಳುಹಿಸುತ್ತಾರೆ. ಆ ಹಿರಿಯರಲ್ಲಿ ಯಾರೂ ದುಷ್ಟರಲ್ಲ. ಆದರೆ ಆ ಮನೆಯಲ್ಲಿ ಅವಳು ಅತಿಥಿ. ಅತಿಥಿಯು ಎಷ್ಟು ದಿನ ಇದ್ದಾಳು? ಕೊಬ್ಬರಿಯು ಅವಳ ಮಡಿಲಿಗೆ ಬಿದ್ದಿತು. ಅದನ್ನು ಕೊಟ್ಟ ಮರದಲ್ಲಿ ಅವಳ ಹೆಸರಿಲ್ಲ. ಹೊಡೆಯುವವನಿಗೂ ಈ ಸಂಗತಿ ಚೆನ್ನಾಗಿ ಗೊತ್ತು.

ಪಾಲಿಗೂ ಪೆಟ್ಟಿಗೂ ಇರುವ ಈ ಸಂಬಂಧವು ಕೇವಲ ಊಹೆಯಲ್ಲ. ಪ್ರದೀಪ ಪಂಡಾ, ಬೀನಾ ಅಗರ್ವಾಲ್ ಎಂಬ ವಿದ್ವಾಂಸರು ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಲವೂ ಮನೆಯೂ ತನ್ನ ಹೆಸರಿನಲ್ಲಿಲ್ಲದ ಸ್ತ್ರೀಯರಲ್ಲಿ ನೂರಕ್ಕೆ 49 ಮಂದಿ ಗಂಡನಿಂದ ಪೆಟ್ಟು ತಿಂದವರಾಗಿದ್ದರು. ಎರಡೂ ಉಳ್ಳವರಲ್ಲಿ ಆ ಸಂಖ್ಯೆಯು ಕೇವಲ 7. ಹೋಗಲು ಸ್ಥಳವುಳ್ಳವಳ ಮೇಲೆ ಕೈಯೆತ್ತಲು ಗಂಡಸು ಅಂಜುತ್ತಾನೆಂಬುದೇ ಇದರ ಅರ್ಥ.

ಇನ್ನು ಮಗಳಿಗೆ ಪಾಲು ಕೊಡುವುದು ಶಾಸ್ತ್ರಸಮ್ಮತವೇ ಎಂಬ ಆಕ್ಷೇಪವುಂಟು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಕಲ್ಯಾಣಪಟ್ಟಣದಲ್ಲಿ ಇದ್ದವನು. ಸಹೋದರರು ತಂಗಿಯರಿಗೆ ನಾಲ್ಕನೆಯ ಒಂದು ಅಂಶವನ್ನು ಕೊಡಬೇಕೆಂಬ ಸ್ಮೃತಿವಾಕ್ಯವು ಬಂದಾಗ, ಅದು ಮದುವೆಯ ವೆಚ್ಚಕ್ಕೆ ಮಾತ್ರವೆಂಬ ಅನ್ಯರ ಮತವನ್ನು ಅವನು ಒಪ್ಪಲಿಲ್ಲ. ಅವಿವಾಹಿತೆಯಾದ ಮಗಳೂ ತಂದೆಯ ತರುವಾಯ ಅಂಶಭಾಗಿನಿಯೇ ಎಂದು ನಿರ್ಣಯಿಸಿದನು. ಮದುವೆಯಾದವಳ ವಿಷಯದಲ್ಲಿ ಆ ಶಾಸ್ತ್ರವು ಮುಂದುವರಿಯಲಿಲ್ಲವೆಂಬುದು ನಿಜ. ಆದರೆ ಹೆಣ್ಣಿಗೆ ಪಾಲೆಂಬುದೇ ಇಲ್ಲವೆಂದು ಹೇಳುವವರಿಗೆ ಶಾಸ್ತ್ರದ ಆಶ್ರಯವೂ ಇಲ್ಲ, ಶರಣರ ಆಶ್ರಯವೂ ಇಲ್ಲ.

ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು ಬಂದಿತು. ಅದರ ಪ್ರಕಾರ ವಿಭಾಗಕಾಲದಲ್ಲಿ ತಾಯಿಗೂ, ವಿಧವೆಗೂ, ಅವಿವಾಹಿತ ಹೆಣ್ಣುಮಕ್ಕಳಿಗೂ ಭಾಗ ಸಲ್ಲುತ್ತಿತ್ತು. ಅವಿವಾಹಿತ ತಂಗಿಗೆ ಅಣ್ಣನ ಭಾಗದ ಕಾಲಂಶ. ವಿಜ್ಞಾನೇಶ್ವರನ ಕಾಲಂಶವೇ ಎಂಟುನೂರು ವರ್ಷಗಳ ಮೇಲೆ ಹಿಂದಿರುಗಿ ಬಂದಂತಾಯಿತು. ಬಳಿಕ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಬಂದಿತು; ಅದು ಯಾರಿಗೆ ಅನ್ವಯಿಸುತ್ತದೆಂದು ಹೇಳುವಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳು ಸ್ಪಷ್ಟವಾಗಿಯೇ ಇವೆ. ಕರ್ನಾಟಕದ ತಿದ್ದುಪಡಿಯಿಂದ 1994ನೆಯ ಜುಲೈ 30ರಿಂದ ಮಗಳು ಪಿತ್ರಾರ್ಜಿತದಲ್ಲಿ ಜನ್ಮತಃ ಹಕ್ಕುಳ್ಳವಳಾದಳು. ಆದರೆ ಅದಕ್ಕೆ ಮೊದಲೇ ಮದುವೆಯಾದವರು ಹೊರಗುಳಿದರು. 2005ನೆಯ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ಅಳಿಸಿತು. ಆ ದಿನ ತಂದೆಯು ಜೀವಂತನಾಗಿರಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ನೆಯ ಆಗಸ್ಟ್ 11ರಂದು ತೀರ್ಪಿತ್ತಿತು. 2004ನೆಯ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಆಗಿಹೋದ ವಿಭಾಗಗಳನ್ನು ಮಾತ್ರ ಕದಲಿಸುವಂತಿಲ್ಲ.

ಹೀಗೆ ಕಾಯಿದೆಯು ಕೊಟ್ಟುದನ್ನು ಮನೆಯು ಹಿಂದಕ್ಕೆ ತೆಗೆದುಕೊಳ್ಳುವ ಬಗೆಯೊಂದಿದೆ. ತಂದೆಯು ಲಿಂಗೈಕ್ಯನಾದ ಮೇಲೆ ಖಾತೆ ಬದಲಾಗಬೇಕು. ಅಕ್ಕತಂಗಿಯರನ್ನು ಕರೆಸುತ್ತಾರೆ. ಒಂದು ಸೀರೆ, ಅರಿಶಿನ ಕುಂಕುಮ, ಒಂದು ಹೊತ್ತಿನ ಊಟ. ಅನಂತರ ನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ರುಜು. ಕೆಲವು ಕಡೆ ವಂಶವೃಕ್ಷವನ್ನು ಬರೆಸುವಾಗಲೇ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುತ್ತದೆ. ಒಲ್ಲೆನೆಂದವಳಿಗೆ ತವರು ತಪ್ಪೀತೆಂಬ ಭಯ. ಭಯದಿಂದ ಹಾಕಿದ ರುಜುವನ್ನು ಪ್ರೀತಿಯ ದಾನವೆಂದು ಕರೆಯುವುದು ಸತ್ಯಕ್ಕೆ ದೂರವಾದುದು.

ಮದುವೆಗೆ ವೆಚ್ಚ ಮಾಡಿದೆವು, ಒಡವೆ ಹಾಕಿದೆವು, ಅದೇ ಅವಳ ಪಾಲೆಂದು ಕೆಲವರ ವಾದ. ಮದುವೆಯ ವೆಚ್ಚವು ಉಂಡವರ ಪಾಲಾಯಿತು. ವರದಕ್ಷಿಣೆಯು ಬೀಗರ ಪಾಲಾಯಿತು. ಒಡವೆಯು ಬಹಳ ಕಡೆ ಗಂಡನ ಮನೆಯ ಸಾಲಕ್ಕೆ ಅಡವಾಯಿತು. ಅವಳ ಕೈಯಲ್ಲಿ ಉಳಿದುದೇನು? ತೋಟವು ತುಂಡಾಗುವುದೆಂಬುದು ಮತ್ತೊಂದು ವಾದ. ಮೂವರು ಗಂಡುಮಕ್ಕಳಿರುವಲ್ಲಿ ಮೂರು ತುಂಡಾದ ತೋಟಕ್ಕೆ ಆಗ ಬಾರದ ನೋವು, ಮಗಳ ಹೆಸರು ಬಂದಾಗ ಮಾತ್ರ ಬರುವುದೇಕೆ? ತುಂಡು ಮಾಡಲು ಮನಸ್ಸಿಲ್ಲದವರು ಜಂಟಿಯಾಗಿ ಇಟ್ಟು ಫಸಲನ್ನು ಹಂಚಿಕೊಳ್ಳಬಹುದು. ಅಥವಾ ನ್ಯಾಯವಾದ ಕ್ರಯವನ್ನು ಕಟ್ಟಿ ಅವಳ ಹೆಸರಿನಲ್ಲಿಯೇ ಇಡಬಹುದು. ಪಾಲು ಕೇಳಿದರೆ ಒಡಹುಟ್ಟಿದವರ ಪ್ರೀತಿ ಕೆಡುವುದೆಂಬುದು ಕಡೆಯ ವಾದ. ಕೇಳುವ ಮೊದಲೇ ಕೊಟ್ಟರೆ ಕೆಡುವುದಕ್ಕೆ ಕಾರಣವೆಲ್ಲಿ?

ಆದಕಾರಣ ಭಕ್ತರು ಆಚರಣೆಗೆ ತರತಕ್ಕವು ಮೂರು. ಮೊದಲನೆಯದು, ತಂದೆಯಾದವನು ತಾನು ಬದುಕಿರುವಾಗಲೇ ಮಗಳ ಭಾಗವನ್ನು ಪತ್ರಮುಖೇನ ನಿಶ್ಚಯಿಸಿ, ಅವಳ ಹೆಸರು ಪಹಣಿಯಲ್ಲಿ ಬರುವಂತೆ ಮಾಡುವುದು. ಎರಡನೆಯದು, ವರದಕ್ಷಿಣೆಯನ್ನು ಕೇಳುವ ಮನೆಗೆ ಹೆಣ್ಣು ಕೊಡದಿರುವುದು. ಮಗನ ಮದುವೆಯಲ್ಲಿ ತಾನು ಕೇಳದಿರುವುದು. ಮೂರನೆಯದು, ಪೆಟ್ಟು ತಿಂದು ಬಂದವಳನ್ನು ಹಿರಿಯರಾಗಲಿ ಮಠದವರಾಗಲಿ ರಾಜಿಯ ಹೆಸರಿನಲ್ಲಿ ಹಿಂದಕ್ಕೆ ಅಟ್ಟದಿರುವುದು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ಗಂಡನೊಡನೆ ವಾಸವಾಗಿದ್ದ ಮನೆಯಲ್ಲಿಯೇ ಇರುವ ಹಕ್ಕನ್ನು ಅವಳಿಗೆ ಕೊಟ್ಟಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಆ ಕಾಯಿದೆಯ ಸಂರಕ್ಷಣಾಧಿಕಾರಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸ್ತ್ರೀಯರಿಗೆ, ಅವರ ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ದೂರವಾಣಿಯಲ್ಲಿ 181 ಎಂಬ ಸಂಖ್ಯೆಯು ಇಂಥವರಿಗಾಗಿಯೇ ಇದೆ. ಈ ಸಂಗತಿಗಳನ್ನು ಅವಳಿಗೆ ತಿಳಿಸುವುದೂ ಜೊತೆಯಲ್ಲಿ ಹೋಗುವುದೂ ಜಂಗಮಸೇವೆಗೆ ಕಡಮೆಯಾದುದಲ್ಲ.

ಎಡೆಯೂರಿನ ಸಿದ್ಧಲಿಂಗೇಶ್ವರರು ಕಗ್ಗೆರೆಯ ತೋಟದಲ್ಲಿ ತಪಗೈದು ತೋಂಟದ ಸಿದ್ಧಲಿಂಗರೆನಿಸಿದರು. ತೋಟವೆಂಬುದು ಈ ಸೀಮೆಯ ಭಕ್ತರಿಗೆ ಪುಣ್ಯಸ್ಥಳದ ಹೆಸರು. ಇಲ್ಲಿಯ ತೆಂಗಿನ ಸಸಿಗಳಿಗೆ ಅಣ್ಣತಮ್ಮಂದಿರೊಡನೆ ಅಕ್ಕತಂಗಿಯರೂ ನೀರು ಹೊತ್ತಿದ್ದಾರೆ. ಅಕ್ಕನಿಗಿಲ್ಲದುದು ತನಗೆ ಬೇಡವೆಂದು ಒಬ್ಬ ತಮ್ಮನು ಅಂದು ಹೇಳಿದುದರಿಂದ ಒಂದು ಧರ್ಮವೇ ನಿಂತಿತು. ಇಂದು ಬಿಡುಗಡೆ ಪತ್ರವನ್ನು ಅಕ್ಕನ ಮುಂದೆ ಒಡ್ಡುವ ಮೊದಲು ಪ್ರತಿಯೊಬ್ಬ ತಮ್ಮನೂ ಆ ಮಾತನ್ನು ಒಮ್ಮೆ ನೆನೆಯಲಿ. ತವರಿನ ಬಾಗಿಲು ಮಗಳಿಗೆ ಕರುಣೆಯಿಂದಲ್ಲ, ಹಕ್ಕಿನಿಂದ ತೆರೆದಿರಲಿ. ಶರಣೆಯರಿಗೆ ಮಂಗಳವಾಗಲಿ, ಸರ್ವರಿಗೂ ಮಂಗಳವಾಗಲಿ.