ಖಣದ ಪನ್ನಾ, ಕಸೂತಿಯ ಬೆನ್ನು



ಇವತ್ತು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೋ ಧಾರವಾಡಕ್ಕೋ ಹೊರಟಿದ್ದರೆ ಸುತ್ತ ಒಮ್ಮೆ ಕಣ್ಣಾಡಿಸಿ. ಎಲ್ಲಾದರೂ ಒಂದು ಕಡೆ ಖಣ ಕಂಡೇ ಕಾಣುತ್ತದೆ. ಕಾಲೇಜು ಹುಡುಗಿಯ ಹೆಗಲಚೀಲ ಖಣದ್ದು, ಕಿವಿಯೋಲೆಗೆ ಅಂಟಿಸಿದ್ದು ಖಣ, ತೊಡೆಯ ಮೇಲಿನ ಕೂಸಿನ ಫ್ರಾಕೂ ಖಣದ್ದೇ. ಡೈರಿಯ ರಟ್ಟು, ಬಾಗಿಲಿನ ತೋರಣ, ಮದುವೆಯಲ್ಲಿ ಕೈಗಿಡುವ ಬಟವೆ, ಎಲ್ಲಕ್ಕೂ ಖಣ. ಕೋವಿಡ್ ಕಾಲದಲ್ಲಿ ಮಾಸ್ಕಿಗೂ ಅದನ್ನು ಬಿಡಲಿಲ್ಲ.

ಗುಳೇದಗುಡ್ಡದ ಈ ಬಟ್ಟೆಗೆ ಮೊದಲು ಒಂದೇ ಕೆಲಸವಿತ್ತು, ಕುಬಸ ಆಗುವುದು. ಇಳಕಲ್ ಸೀರೆ, ಮೇಲೆ ಖಣದ ಕುಬಸ ಅಂದರೆ ಹೊಲಕ್ಕೆ ಹೋಗುವವರ ಉಡುಪು, ಅಜ್ಜಿಯರ ಉಡುಪು ಅಂತ ಪೇಟೆಯವರು ತೀರ್ಮಾನ ಮಾಡಿಬಿಟ್ಟಿದ್ದರು. ನೌಕರಿಗೆ ಹೋಗುವ ಹೆಣ್ಣುಮಕ್ಕಳು ಇಸ್ತ್ರಿ ಬೇಡದ ಸಿಂಥೆಟಿಕ್ ಸೀರೆಗೆ ಒಲಿದರು. ಇಳಕಲ್ ಸೀರೆ ಟ್ರಂಕಿನ ತಳ ಸೇರಿತು, ಹರಿದದ್ದು ಕೌದಿಯಾಯಿತು. ಖಣ ಉಳಿದದ್ದು ಉಡಿ ತುಂಬುವುದಕ್ಕೆ. ಅದೂ ಎಷ್ಟೋ ಸಲ ಹೊಲಿಗೆಯನ್ನೇ ಕಾಣದೆ ಒಬ್ಬರ ಉಡಿಯಿಂದ ಇನ್ನೊಬ್ಬರ ಉಡಿಗೆ ಊರೆಲ್ಲ ತಿರುಗಿ ಬರುತ್ತಿತ್ತು. ತಾಯಂದಿರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಗಾಳಿ ತಿರುಗಿದೆ. ಕಾಲೇಜಿನಲ್ಲಿ ಎಥ್ನಿಕ್ ಡೇ ಬಂತೆಂದರೆ ಮೊಮ್ಮಗಳು ಅಜ್ಜಿಯ ಟ್ರಂಕು ತೆಗೆಸುತ್ತಾಳೆ, ಮೊಮ್ಮಗ ಧೋತರ ಉಡಿಸಿಕೊಳ್ಳಲು ಅಜ್ಜನ ಮುಂದೆ ನಿಲ್ಲುತ್ತಾನೆ. ಬಸುರಿಗೆ ಕುಬಸದ ಕಾರ್ಯ ಮಾಡುವಾಗ ಹಸಿರು ಇಳಕಲ್ ಸೀರೆಯೇ ಬೇಕು ಅಂತ ಫೋಟೋ ತೆಗೆಯುವವನು ಹಟ ಹಿಡಿಯುತ್ತಾನೆ. ನಗುವವರು ನಗಲಿ, ನನಗಂತೂ ಸಂತೋಷ. ನಮ್ಮ ಕಡೆಯದು ಅಂತ ಹೇಳಿಕೊಳ್ಳಲು ಹಿಂಜರಿಯುತ್ತಿದ್ದ ಕಾಲ ನೋಡಿದವರಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಬಸ್ಸಿನಲ್ಲಿ ಕಂಡ ಆ ಫ್ರಾಕಿನ ಬಟ್ಟೆಯನ್ನು ಸ್ವಲ್ಪ ಕೈಯಲ್ಲಿ ಹಿಡಿದು ನೋಡೋಣ. ಕೈಮಗ್ಗದ ಖಣದ ಪನ್ನಾ, ಅಂದರೆ ಅಗಲ, ಸಣ್ಣದು, ಸುಮಾರು 31 ಇಂಚು. ಕುಬಸಕ್ಕೆಂದೇ ನೇಯ್ದದ್ದು, ಕುಬಸದ ಅಳತೆಗೇ ಹೊಂದಿದ್ದು. ತೇರು, ಆನೆ, ಸೂಜಿ ಮಲ್ಲಿಗೆ ಮೊದಲಾದ ವಿನ್ಯಾಸಗಳು ಹಾಸು ಹೊಕ್ಕಿನಲ್ಲೇ ಮೂಡಬೇಕು, ಮೇಲಿಂದ ಒತ್ತಿದ್ದಲ್ಲ. ಈಗ ಸೀರೆಗೆ, ಕುರ್ತಾಗೆ ಅಗಲ ಪನ್ನಾದ ಖಣ ಬೇಕು, ಅದೂ ಮೀಟರುಗಟ್ಟಲೆ, ಅಗ್ಗವಾಗಿ. ಹಾಗಾಗಿ ಪೇಟೆಯಲ್ಲಿ ಖಣ ಅಂತ ಮಾರುವುದರಲ್ಲಿ ಬಹಳಷ್ಟು ಪವರ್‌ಲೂಮಿನದು, ಪಾಲಿಯೆಸ್ಟರಿನದು. ಕೆಲವಂತೂ ಬರೀ ಛಾಪಾ.

ಕಸೂತಿಯದೂ ಇದೇ ಕಥೆ. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಈಗ ಕಂಪ್ಯೂಟರ್ ಎಂಬ್ರಾಯಿಡರಿಯಲ್ಲಿ ಒಂದು ತಾಸಿನಲ್ಲಿ ಬಂದುಬಿಡುತ್ತವೆ. ದೂರದಿಂದ ಕೈಯದೂ ಯಂತ್ರದ್ದೂ ಒಂದೇ. ಹಾಗಾದರೆ ತಿರುಗಿಸಿ ನೋಡಿ. ಕೈಕಸೂತಿಯ ಗಾವಂತಿ, ಮುರ್ಗಿ ಹೊಲಿಗೆಗಳಲ್ಲಿ ಮುಖ ಯಾವುದು, ಬೆನ್ನು ಯಾವುದು ಅಂತ ಹೇಳಲಾಗದು, ಎರಡೂ ಬದಿ ಒಂದೇ. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆಯೂ ಇಲ್ಲ, ದಾರಕ್ಕೆ ಗಂಟೂ ಇಲ್ಲ. ಬಟ್ಟೆಯ ಎಳೆ ಎಣಿಸುತ್ತ ಸೂಜಿ ಹೋಗಬೇಕು, ಅದೇ ದಾರಿಯಲ್ಲಿ ಬಿಟ್ಟ ಜಾಗ ತುಂಬುತ್ತ ಮರಳಬೇಕು. ಒಂದು ಎಳೆ ತಪ್ಪಿದರೆ ತೇರು ವಾಲುತ್ತದೆ. ಮೈತುಂಬ ಕಸೂತಿಯ ಸೀರೆಗೆ ತಿಂಗಳುಗಟ್ಟಲೆ ಬೇಕು. ಯಂತ್ರದ್ದರ ಬೆನ್ನಿನ ಮೇಲೆ ಸಿಕ್ಕುದಾರ, ಅಂಟಿಸಿದ ಕಾಗದ ಇರುತ್ತದೆ.

ಯಂತ್ರದ್ದು ಪಾಪ ಅಂತ ನಾನು ಹೇಳುತ್ತಿಲ್ಲ. ರಬಕವಿ ಬನಹಟ್ಟಿಯಲ್ಲಿ ಪವರ್‌ಲೂಮ್ ಓಡಿಸುವವನೂ ನೇಕಾರನೇ, ಅವನ ಮನೆಯೂ ನಡೆಯಬೇಕು. ಎಲ್ಲರಿಗೂ ಕೈಮಗ್ಗದ್ದೇ ಕೊಳ್ಳಲು ಸಾಧ್ಯವೂ ಇಲ್ಲ. ಪವರ್‌ಲೂಮಿನದನ್ನು ಪವರ್‌ಲೂಮಿನದು ಅಂತ ಮಾರಿದರೆ ಜಗಳವೇ ಇಲ್ಲ. ಛಾಪಾ ಹೊಡೆದದ್ದಕ್ಕೆ ಕೈಮಗ್ಗ ಅಂತ ಚೀಟಿ ಅಂಟಿಸಿದಾಗ ಮೋಸವಾಗುವುದು ಕೊಳ್ಳುವವಳಿಗೊಂದೇ ಅಲ್ಲ, ಗುಳೇದಗುಡ್ಡದಲ್ಲಿ ಕುಣಿಮಗ್ಗಕ್ಕೆ ಕಾಲು ಇಳಿಬಿಟ್ಟು ಕೂತವನಿಗೂ.

ಕೈಕೆಲಸದ ಜಾಗಕ್ಕೆ ಯಂತ್ರದ್ದು ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ಹುಬ್ಬಳ್ಳಿಯಲ್ಲೇ ದೊಡ್ಡ ಉದಾಹರಣೆ ಇದೆ. ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರದ್ದು. ಅಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ, ಭಾರತೀಯ ಮಾನಕ ಬ್ಯೂರೋದ ಮುದ್ರೆಯೊಂದಿಗೆ. ಬಟ್ಟೆಯ ಎಳೆಯ ಲೆಕ್ಕ, ಬಣ್ಣ, ಉದ್ದಗಲ ಎಲ್ಲಕ್ಕೂ ಪರೀಕ್ಷೆ. ಅಶೋಕ ಚಕ್ರ ಎರಡೂ ಬದಿಗೆ ಕರಾರುವಾಕ್ಕಾಗಿ ಕೂಡಬೇಕು. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂತು, ಪಾಲಿಯೆಸ್ಟರಿಗೂ ಯಂತ್ರದಲ್ಲಿ ಮಾಡಿದ್ದಕ್ಕೂ ಒಪ್ಪಿಗೆ ಸಿಕ್ಕಿತು. ಮರುವರ್ಷ ಆಗಸ್ಟಿನಲ್ಲಿ ಮನೆಮನೆಯಲ್ಲೂ ಬಾವುಟ ಹಾರಿತು, ವಾಟ್ಸಾಪಿನ ಡಿಪಿಯಲ್ಲೂ ಹಾರಿತು. ಅದೇ ವರ್ಷ ಬೆಂಗೇರಿಯಲ್ಲಿ ಬೇಡಿಕೆ ಕುಸಿಯಿತು. ಬಾವುಟದ ಭರಾಟೆ ದೇಶ ತುಂಬಿತು, ಅದರ ಫಲ ಮಾತ್ರ ಬಾವುಟ ಹೊಲಿಯುತ್ತಿದ್ದ ಕೈಗೆ ಬರಲಿಲ್ಲ.

ಖಣಕ್ಕೆ ಸುಳ್ಳು ಚೀಟಿ ಅಂಟಿಸಿ ಏಮಾರಿಸಬಹುದು, ಪೇಢೆಯ ವಿಷಯದಲ್ಲಿ ನಮ್ಮನ್ನು ಯಾರೂ ಹೀಗೆ ಏಮಾರಿಸಲಾರರು. ಡಬ್ಬಿಯ ಮೇಲೆ ಧಾರವಾಡ ಅಂತ ಬರೆದ ಮಾತ್ರಕ್ಕೆ ನಂಬುವವರೇ ನಾವು? ಯಾವ ಅಂಗಡಿಯದು, ಖೋವಾ ಎಷ್ಟು ಹುರಿದಿದ್ದಾರೆ, ಬಣ್ಣ ಸರಿಯಾಗಿ ಬಂದಿದೆಯೋ ಇಲ್ಲವೋ ಅಂತ ಬೀಗರ ಎದುರೇ ವಾದಕ್ಕೆ ಇಳಿಯುತ್ತೇವೆ. ಲೈನ್ ಬಜಾರದ ಸಾಲಿನಲ್ಲಿ ಬಿಸಿಲಿಗೂ ನಿಲ್ಲುತ್ತೇವೆ. ಆ ಚೌಕಾಸಿಯಲ್ಲಿ ಅರ್ಧದಷ್ಟಾದರೂ ಬಟ್ಟೆ ಅಂಗಡಿಯಲ್ಲಿ ತೋರಿಸಬಾರದೇಕೆ?

ಧಾರವಾಡದ ಸುಭಾಸ ರಸ್ತೆಗೋ ಹುಬ್ಬಳ್ಳಿಯ ಜವಳಿ ಸಾಲಿಗೋ ಹೋದಾಗ, "ಕೈಮಗ್ಗದ್ದೇನ್ರೀ, ಪವರ್‌ಲೂಮ್ದ? ಯಾವ ಊರಿನ ನೇಯ್ಗಿ?" ಅಂತ ಕೇಳಿ. ಇಳಕಲ್ ಸೀರೆಯಾದರೆ ಸೆರಗು ಒಡಲಿಗೆ ಕೂಡುವ ಜಾಗ ತೋರಿಸಿರಿ ಅನ್ನಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆ ಎಳೆಗೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಬಲ್ಲ ಅಂಗಡಿಕಾರ ತೋರಿಸುತ್ತಾನೆ, ಬೆಲೆ ಜಾಸ್ತಿ ಅಂತಲೂ ಹೇಳುತ್ತಾನೆ. ಸೀರೆ ಕೈಗೆಟುಕದಿದ್ದರೆ ಬೇಡ. 31 ಇಂಚಿನ ಪನ್ನಾದ ಒಂದು ಕುಬಸದ ಖಣ ನಮ್ಮಲ್ಲಿ ಬಹಳ ಜನಕ್ಕೆ ಎಟುಕುತ್ತದೆ. ಮನೆಗೆ ತಂದು ಹೊಲಿಸಿ ತೊಡಿ, ಇನ್ನೊಬ್ಬರ ಉಡಿಗೆ ದಾಟಿಸಬೇಡಿ.